ಹದಿಮೂರು ಡಿಗ್ರಿಯ ಸೆಂಗಾ

ಮೊದಲೇ ಹೇಳಿಬಿಡುತ್ತೇನೆ, ಆ ವರ್ಷ ಪಕ್ಕದೂರು ಬಾಲ್‌ಮೆನ್ನಿಯವರ ಮೇಲಿನ ಗಾಲ್ಫ್ ಪಂದ್ಯವನ್ನು ನಮ್ಮೂರು ಪಿಟ್‌ಲೋರ್ನ್ ಸೋತಿತು. ಸೋಲು ನಮಗೇನು ಹೊಸದಲ್ಲ. ಯಾರ ಹೊಡೆತ ಎಲ್ಲಿ ಕೆಟ್ಟಿತು ಅಂತ ಗಂಡಸರು ಈಗಲೂ ಪಬ್ಬಿನಲ್ಲಿ ಕೂತು ಅದರ ತಿಥಿ ಮಾಡುತ್ತಿರುತ್ತಾರೆ. ಮಾಡಿಕೊಳ್ಳಲಿ, ನನಗೇನು. ನನಗೆ ಆ ದಿನದ್ದು ಒಂದೇ ಒಂದು ಹೊಡೆತ ಸಾಕು. ಅದು ನನ್ನ ಗೆಳತಿ ಸೆಂಗಾ ಪೆಟ್ರಿ ಹೊಡೆದದ್ದು. ನೆನೆಸಿಕೊಂಡರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ, ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ.

ಸೆಂಗಾ ಮತ್ತು ನಾನು ಊರ ಶಾಲೆಯ ಅಡುಗೆಮನೆಯಲ್ಲಿ ಜೊತೆಯಲ್ಲಿ ದುಡಿಯುವವರು. ಅವಳು ಆಲೂಗಡ್ಡೆ ಬೇಯಿಸಿದರೆ ನಾನು ಹಿಚುಕುತ್ತೇನೆ, ಅವಳು ಬೈದರೆ ನಾನು ತಿರುಗಿ ಬೈಯುತ್ತೇನೆ. ಮಕ್ಕಳೆಲ್ಲ ದೊಡ್ಡವರಾಗಿ ಕೈ ಬಿಡುವಾದ ಮೇಲೆ, ಐವತ್ತರ ಹೊಸ್ತಿಲಲ್ಲಿ ಅವಳಿಗೆ ಗಾಲ್ಫಿನ ಹುಚ್ಚು ಹಿಡಿಯಿತು. ನಮ್ಮೂರಲ್ಲಿ ಮೀನುಗಾರ, ಪಾದ್ರಿ, ಅಂಚೆಯವನು ಎಲ್ಲರೂ ಆಡುವವರೇ, ಅದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವೆಂದರೆ ಅವಳು ಸುಧಾರಿಸುತ್ತಲೇ ಹೋದಳು. ಉಳಿದ ಹೆಂಗಸರು ಎರಡು ಬೇಸಿಗೆ ಆಡಿ, ಸೊಂಟ ಹಿಡಿದುಕೊಂಡು, ಕಾಫಿಗೆ ಬಂದು ಕೂತರು. ಸೆಂಗಾ ಮಾತ್ರ ಕೆಲಸ ಮುಗಿದ ಕೂಡಲೇ ಏಪ್ರನ್ ಬಿಚ್ಚಿ ಎಸೆದು, ಗಾಳಿಯಿರಲಿ ಚಳಿಯಿರಲಿ, ಸಮುದ್ರದ ಪಕ್ಕದ ಆ ಹುಲ್ಲುಬಯಲಿಗೆ ಓಡುತ್ತಿದ್ದಳು. ಆ ವರ್ಷ ಅವಳ ಹ್ಯಾಂಡಿಕ್ಯಾಪ್, ಅಂದರೆ ಎಳಸು ಆಟಗಾರರಿಗೆ ಕೊಡುವ ರಿಯಾಯಿತಿ ಹೊಡೆತಗಳ ಲೆಕ್ಕ, ಒಂದೇ ಬೇಸಿಗೆಯಲ್ಲಿ ಊರಿನ ಯಾವ ಗಂಡಸಿನದಕ್ಕಿಂತಲೂ ಹೆಚ್ಚು ಇಳಿಯಿತು.

ಫಜೀತಿ ಶುರುವಾದದ್ದು ಅಲ್ಲೇ. ವರ್ಷಕ್ಕೊಮ್ಮೆ ಬಾಲ್‌ಮೆನ್ನಿಯವರ ಮೇಲೆ ಆಡುವ ತಂಡದಲ್ಲಿ ಒಂದು ಜಾಗ, ಆ ಬೇಸಿಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಸುಧಾರಿಸಿದವರಿಗೆ ಅಂತ ನಮ್ಮ ಕ್ಲಬ್ಬಿನಲ್ಲಿ ಹಳೆಯ ನಿಯಮ. ಆ ನಿಯಮ ಮಾಡಿದ ಪುಣ್ಯಾತ್ಮರಿಗೆ ಹೆಂಗಸೊಬ್ಬಳು ಸುಧಾರಿಸಬಹುದು ಅಂತ ಕನಸಲ್ಲೂ ಹೊಳೆದಿರಲಿಲ್ಲ. ಆ ದಿನ ಹೆಂಗಸರ ಕೆಲಸ ಬಾರ್ಲಿ ಸಾರು ಮಾಡಿ ಬಡಿಸುವುದು, ಅಷ್ಟೆ. ಸೆಂಗಾಳೂ ನಾನೂ ಎಷ್ಟೋ ವರ್ಷ ಅದೇ ಸಾರು ಕುದಿಸಿದವರು. ಕ್ಯಾಪ್ಟನ್ ಅರ್ಚಿ ರಾಂಕೀನ್, ಮಾಂಸದಂಗಡಿಯವನು, ನಿಯಮವನ್ನು ಹಿಂದುಮುಂದಾಗಿ ಓದಿದ, ಎಲ್ಲೂ ತೂತು ಸಿಗಲಿಲ್ಲ. ಕೊನೆಗೆ ನಮ್ಮ ಅಡುಗೆಮನೆಯ ಬಾಗಿಲಿಗೇ ಬಂದು ನಿಂತ.

"ನಿಯಮ ಅಂದ್ರೆ ನಿಯಮ, ಸೆಂಗಾ. ಜಾಗ ನಿಂದೇ," ಅಂದ. "ಆದ್ರೆ ಊರೆಲ್ಲ ನೋಡ್ತಿರುವಾಗ ನಿನ್ನ ಚೆಂಡು ರಸ್ತೆಗೆ ಬಿತ್ತು ಅಂತ ಇಟ್ಕೋ, ಚಳಿಗಾಲದ ಸಭೇಲಿ ಈ ನಿಯಮಾನೇ ಕಿತ್ತು ಹಾಕ್ತಾರೆ. ಆಮೇಲೆ ನನ್ನ ಬೈಬೇಡ."

"ಬೀಳಲ್ಲ ಬಿಡು," ಅಂದಳು ಸೆಂಗಾ. ಅವನು ಹೋದ ಮೇಲೆ ನೋಡಿದರೆ ಆಲೂಗಡ್ಡೆಗೆ ಎರಡನೇ ಸಲ ಉಪ್ಪು ಹಾಕುತ್ತಿದ್ದಳು.

ದಿಗಿಲಾಗದೇ ಇರುತ್ತದೆಯೇ? ನಮ್ಮ ಮೈದಾನದ ಮೊದಲ ಹೊಡೆತ ಊರ ನಟ್ಟನಡುವೆ, ಅಂಚೆ ಕಚೇರಿಯ ಎದುರಿನಿಂದ. ಎಡಕ್ಕೆ ಸಮುದ್ರ, ಬಲಕ್ಕೆ ಉದ್ದಕ್ಕೂ ರಸ್ತೆ, ರಸ್ತೆಗೂ ಮೈದಾನಕ್ಕೂ ಮಧ್ಯೆ ಒಂದು ಮೋಟುಗೋಡೆ. ಕೆಲಸವಿಲ್ಲದವರೆಲ್ಲ ಆ ಗೋಡೆಗೆ ಮೊಣಕೈ ಊರಿ ನಿಂತು ಒಬ್ಬೊಬ್ಬರ ಹೊಡೆತಕ್ಕೂ ತೀರ್ಪು ಕೊಡುತ್ತಿರುತ್ತಾರೆ. ಚೆಂಡು ರಸ್ತೆಗೆ ಹಾರಿದರೆ ದಂಡ, ಮತ್ತೆ ಅಲ್ಲಿಂದಲೇ ಹೊಡೆಯಬೇಕು. ಸೆಂಗಾಳ ಉಳಿದ ಆಟವೆಲ್ಲ ಚೆನ್ನ. ಆದರೆ ಡ್ರೈವರ್, ಅಂದರೆ ಮೊದಲ ಹೊಡೆತಕ್ಕೆ ಬಳಸುವ ಆ ಉದ್ದನೆಯ, ಗುಂಡು ತಲೆಯ ಕೋಲು, ಅದು ಕೈಗೆ ಬಂತೋ, ಚೆಂಡು ನೆಟ್ಟಗೆ ಹೊರಟು ಆಮೇಲೆ ಬಲಕ್ಕೆ ಬಾಗಿ ಬಾಗಿ ರಸ್ತೆ ಸೇರುತ್ತಿತ್ತು. ಅವಳು ಕೋಲು ಎತ್ತಿದ ಕೂಡಲೇ ರಸ್ತೆಯಲ್ಲಿ ಕಾರು ನಿಲ್ಲಿಸಿದ್ದವರು ಗಾಡಿ ಮುಂದಕ್ಕೆ ತೆಗೆಯುತ್ತಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹಾಗಾದರೆ ಚಿಕ್ಕ ಕೋಲಿನಲ್ಲಿ ಮೆತ್ತಗೆ ಹೊಡೆದರಾಯಿತಲ್ಲ ಅನ್ನುತ್ತೀರಿ. ಆ ಪಂದ್ಯದಲ್ಲಿ ಅದು ಆಗುವುದಿಲ್ಲ. ಯಾರ ಮೇಲೆ ಯಾರು ಆಡಬೇಕು ಅನ್ನುವುದನ್ನು ಡ್ರೈವರುಗಳೇ ನಿರ್ಧರಿಸಬೇಕು. ಎರಡೂ ಊರಿನವರ ಡ್ರೈವರುಗಳನ್ನು ಹುಲ್ಲಿನ ಮೇಲೆ ಎರಡು ರಾಶಿ ಹಾಕುತ್ತಾರೆ. ಇನ್ನೂ ಆಡುತ್ತಿರುವವರಲ್ಲಿ ಎಲ್ಲರಿಗಿಂತ ಹಿರಿಯರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಈ ರಾಶಿಯಿಂದ ಒಂದು, ಆ ರಾಶಿಯಿಂದ ಒಂದು ಎತ್ತುತ್ತಾರೆ. ಆಮೇಲೆ ಬಟ್ಟೆ ಸರಿಸಿ, ಕೋಲಿನ ಮೇಲಿರುವ ಡಿಗ್ರಿಯನ್ನು, ಅಂದರೆ ಅದರ ಮುಖ ಎಷ್ಟು ಹಿಂದಕ್ಕೆ ಬಾಗಿದೆ ಅನ್ನುವ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾರೆ. ಆ ಕೋಲಿನ ಒಡೆಯ ಮುಂದೆ ಬಂದು, ಅದೇ ಕೋಲಿನಲ್ಲಿ ಮೊದಲ ಹೊಡೆತ ಹೊಡೆಯಬೇಕು. ಡಿಗ್ರಿ ಕಡಿಮೆಯಿದ್ದಷ್ಟೂ ಚೆಂಡು ತಗ್ಗಿನಲ್ಲಿ, ಗಾಳಿಯ ಹೊಟ್ಟೆಯ ಕೆಳಗೆ ಹೋಗುತ್ತದೆ ಅಂತ ನಮ್ಮೂರಿನ ನಂಬಿಕೆ. ಎಂಟು ಅಂದರೆ ಶಿಳ್ಳೆ, ಒಂಬತ್ತು ಅಂದರೆ ಚಪ್ಪಾಳೆ, ಹನ್ನೊಂದು ದಾಟಿತೋ ಗೋಡೆಯುದ್ದಕ್ಕೂ ಕಿಸಿಕಿಸಿ.

ಇಂಥ ಹೊತ್ತಿನಲ್ಲೇ ಸೆಂಗಾಳ ಹಳೆಯ ಡ್ರೈವರ್ ಕೈಕೊಟ್ಟಿತು. ಕೈಕೊಟ್ಟಿತು ಅನ್ನುವುದಕ್ಕಿಂತ ತಲೆಕೊಟ್ಟಿತು ಅನ್ನಬೇಕು. ಒಂದು ಸಂಜೆ ಬೀಸಿದ ರಭಸಕ್ಕೆ ಗುಂಡು ತಲೆ ಕಳಚಿ ಹಾರಿಹೋಗಿ ಸಮುದ್ರಕ್ಕೆ ಬಿತ್ತು, ಚೆಂಡು ಇದ್ದಲ್ಲೇ ಇತ್ತು. ನಾವಿಬ್ಬರೂ ಮರಳಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವಳು ಆ ಬೋಳು ಕೋಲನ್ನೇ ಎತ್ತಿ ನೋಡಿದಳು. ಪಂದ್ಯಕ್ಕೆ ಇನ್ನು ಕೆಲವೇ ವಾರ, ಹೊಸದೊಂದನ್ನು ಆರಿಸಲೇಬೇಕಿತ್ತು.

ನಮ್ಮಲ್ಲಿ ಯಾರೂ ನೇರ ಅಂಗಡಿಗೆ ಹೋಗಿ ಡ್ರೈವರ್ ತರುವುದಿಲ್ಲ. ಭಾನುವಾರ ಸಂಜೆ ಮೀನು ಒಣಗಿಸುವ ಹಳೆಯ ಕೊಟ್ಟಿಗೆಯ ಹಿಂದೆ ಎಲ್ಲರೂ ತಮ್ಮ ತಮ್ಮ ಚೀಲ ಒರಗಿಸಿ ನಿಲ್ಲುತ್ತಾರೆ. ಯಾರು ಯಾರದ್ದನ್ನು ಬೇಕಾದರೂ ಎತ್ತಿ ಹೊಡೆದು ನೋಡಬಹುದು. ಊರೆಲ್ಲ ಗುರುಗಳೇ. ಒಬ್ಬ ಉದ್ದ ದಾಂಡಿನದು ತಗೋ ಅನ್ನುವನು, ಇನ್ನೊಬ್ಬ ಗಟ್ಟಿ ದಾಂಡಿನದು ತಗೋ ಅನ್ನುವನು, ಮತ್ತೊಬ್ಬ ನಿನ್ನ ಮೊಣಕೈಯೇ ಸರಿಯಿಲ್ಲ ಅನ್ನುವನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಹಿಂದಿನಿಂದ ಯಾವನೋ ಗೊಣಗಿದ. ನಾನು ತಿರುಗಿ ನೋಡಿದ ಮೇಲೆ ಬಾಯಿ ಮುಚ್ಚಿದ.

ಎಲ್ಲರಿಗಿಂತ ಮುಂದೆ ನಿಂತವನು ಅವಳ ಗಂಡ ವಾಟಿ. ಪ್ಲಂಬರ್ ಕೆಲಸದವನು, ಮನುಷ್ಯ ಬಂಗಾರ, ಆದರೆ ಗಾಲ್ಫಿನ ವಿಷಯದಲ್ಲಿ ಹಟಮಾರಿ. ತನ್ನ ಒಂಬತ್ತು ಡಿಗ್ರಿಯ ಡ್ರೈವರನ್ನು ಕೂಸಿನ ಹಾಗೆ ಎತ್ತಿ ಅವಳ ಕೈಗಿಟ್ಟ. ಮೊದಲ ಮೂರು ಹೊಡೆತ ಬಲಕ್ಕೆ ಬಾಗಿ ಮುಳ್ಳುಪೊದೆ ಸೇರಿದವು. ನಾಲ್ಕನೆಯದು ನೋಡಿ, ಅಬ್ಬಾ! ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವಷ್ಟು ತಗ್ಗಿನಲ್ಲಿ ಹೊರಟ ಚೆಂಡು ಒಣ ಹುಲ್ಲಿನ ಮೇಲೆ ಓಡಿತು, ಓಡಿತು, ಎಷ್ಟು ಗಂಡಸರ ಚೆಂಡುಗಳನ್ನು ದಾಟಿ ಓಡಿತು! ಎಲ್ಲರೂ ಹೋ ಅಂದರು. ನಾನೂ ಕುಣಿದೆ. ಐದನೆಯದು ಮತ್ತೆ ಮುಳ್ಳುಪೊದೆಗೆ ಹೋಯಿತು, ಅದನ್ನು ಯಾರೂ ನೋಡಲಿಲ್ಲ. ವಾಟಿಯ ಕಣ್ಣಲ್ಲಿ ಆ ನಾಲ್ಕನೆಯ ಚೆಂಡು ಇನ್ನೂ ಓಡುತ್ತಲೇ ಇತ್ತು. ಸೆಂಗಾಳ ಕಣ್ಣಲ್ಲೂ.

ಆಮೇಲೆ ಅವಳು ಮತ್ತೆ ಕೈ ಚಾಚಿ ಇನ್ನೊಂದು ಎತ್ತಿಕೊಂಡಳು. ವಾಟಿಯದೇ ಅಂದುಕೊಂಡಿದ್ದಳು, ಎರಡೂ ಕಪ್ಪು. ಹೊಡೆದಳು. ಚೆಂಡು ಮೇಲಕ್ಕೆ ಹೋಯಿತು, ಆರಾಮಾಗಿ ಇಳಿಯಿತು. ಬಾಗಲಿಲ್ಲ. ಇನ್ನೊಂದು ಹೊಡೆದಳು, ಅದರ ಪಕ್ಕದಲ್ಲೇ ಇಳಿಯಿತು. ಇನ್ನೊಂದು ಹೊಡೆದಳು, ಅದೂ ಅಲ್ಲೇ. ಯಾರಿಗೂ ಅದರ ಕಡೆ ಗಮನವಿಲ್ಲ, ಓಡದ ಚೆಂಡನ್ನು ಯಾರು ನೋಡುತ್ತಾರೆ? ಆಗ ಕೀರಲು ದನಿಯೊಂದು ಕೇಳಿತು. ಊರಿನ ಆಟಗಾರರಿಗೆಲ್ಲ ಹಿರಿಯಳಾದ ನೆಟ್ಟಾ ಅಜ್ಜಿ.

"ಅದು ನಂದು ಕಣೇ ಹುಡುಗಿ. ಹದಿಮೂರು ಡಿಗ್ರಿ. ಭುಜ ಬಿದ್ದುಹೋದ ಮೇಲೆ ತಗೊಂಡಿದ್ದು."

ಸೆಂಗಾ ಕೆಂಡ ಮುಟ್ಟಿದವಳ ಹಾಗೆ ಅದನ್ನು ಕೆಳಗಿಟ್ಟಳು. ಸುತ್ತಲಿನವರು ನಕ್ಕರು, ವಾಟಿ ಮಾತ್ರ ನಗಲಿಲ್ಲ, ಅವನಿಗೆ ಅವಮಾನವಾಗಿತ್ತು.

ಮುಂದಿನ ಶನಿವಾರ ನಾವು ಮೂವರೂ ನಗರದ ಅಂಗಡಿಗೆ ಹೋದೆವು. ಅಲ್ಲಿ ಪರದೆಗೆ ಹೊಡೆದರೆ ಚೆಂಡು ಎಲ್ಲಿ ಹೋಗುತ್ತಿತ್ತು ಅಂತ ಯಂತ್ರ ತೋರಿಸುತ್ತದೆ. ಒಂಬತ್ತರದ್ದರಲ್ಲಿ ಹೊಡೆದಾಗ ಪರದೆಯ ಮೇಲೆ ಗೆರೆಗಳು ಕೋಳಿ ಕೆದರಿದ ಹಾಗೆ ಬಿದ್ದವು. ಅದರಲ್ಲಿ ಒಂದು ಗೆರೆ ಮಾತ್ರ ಬಲು ದೂರ. ಹದಿಮೂರರದ್ದು ಎಲ್ಲ ಒಂದೇ ಕಟ್ಟು, ಆದರೆ ಆ ಒಂದರಷ್ಟು ದೂರ ಇಲ್ಲ. ಮುಖ ಹಿಂದಕ್ಕೆ ಬಾಗಿದ್ದಷ್ಟೂ ಚೆಂಡು ಪಕ್ಕಕ್ಕೆ ತಿರುಗುವುದು ಕಡಿಮೆ ಅಂತ ಅಂಗಡಿಯಾತ ಹೇಳಿದ. ವಾಟಿಯ ಕಿವಿಗೆ ಅದು ಬೀಳಲೇ ಇಲ್ಲ. ಬೆರಳಿಟ್ಟು ಆ ದೂರದ ಗೆರೆಯನ್ನೇ ತೋರಿಸುತ್ತಿದ್ದ. ಸೆಂಗಾಳೂ ಅದನ್ನೇ ನೋಡುತ್ತಾ, ಒಂದು ಬಂದರೆ ಹತ್ತು ಬಂದೀತು, ಅಭ್ಯಾಸ ಮಾಡಿದರೆ ಆದೀತು ಅಂತ ಗುನುಗತೊಡಗಿದಳು. ನನಗೆ ಪಿತ್ತ ನೆತ್ತಿಗೇರಿತು.

"ಆ ಒಂದು ಬಿಡು ತಾಯಿ," ಅಂದೆ. "ಉಳಿದ ನಾಲ್ಕು ಎಲ್ಲಿ ಬಿದ್ವು ಹೇಳು. ನಿಂಗೆ ಐದು ಸಲ ಹೊಡಿಯೋಕೆ ಬಿಡ್ತಾರಾ ಅವತ್ತು?"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೇನು ನಾಚಿಕೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಜಾತಿ ನಮ್ಮೂರಿನ ಗಂಡಸರದು, ಅವರ ಚಪ್ಪಾಳೆಗೋಸ್ಕರ ಇವಳು ರಸ್ತೆಗೆ ಹೊಡೆಯಬೇಕೇ ಅಂತ ಇನ್ನೂ ಏನೇನೋ ಅಂದೆ. ಸೆಂಗಾ ಒಂಬತ್ತರದ್ದನ್ನು ಪಕ್ಕಕ್ಕೆ ಒರಗಿಸಿದಳು. ಆಮೇಲೆ ನಿಧಾನಕ್ಕೆ, ತನಗೆ ದೂರ ಬೇಡ, ತಾನು ಅಲ್ಲಿ, ಹುಲ್ಲಿನ ಮೇಲೆ ಇರಬೇಕು ಅಷ್ಟೆ ಅಂದಳು. ಅಂಗಡಿಯಾತ ಹೊಸಬಗೆಯದೊಂದನ್ನು ತಂದುಕೊಟ್ಟ. ಅದರ ಕುತ್ತಿಗೆಯಲ್ಲಿ ಒಂದು ಉಂಗುರ. ಪುಟ್ಟ ಸ್ಪ್ಯಾನರಿನಿಂದ ಸಡಿಲಿಸಿ ಉಂಗುರ ತಿರುಗಿಸಿದರೆ ಹತ್ತರಿಂದ ಹದಿಮೂರರವರೆಗೆ ಎಲ್ಲಿಗೆ ಬೇಕಾದರೂ ನಿಲ್ಲಿಸಬಹುದು. ಹದಿಮೂರಕ್ಕೆ ನಿಲ್ಲಿಸಿ ಬಿಗಿ ಮಾಡಿಸಿಕೊಂಡೇ ಅವಳು ಹೊರಗೆ ಬಂದಳು.

ಆ ವಾರಗಳ ಸಂಭ್ರಮವನ್ನು ಹೇಗೆ ಹೇಳಲಿ! ಮೀನು ಕೊಟ್ಟಿಗೆಯ ಹಿಂದೆ ಅವಳು ಹೊಡೆಯುವುದು, ನಾನು ಹೆಕ್ಕಿ ತರುವುದು. ಮೊದಲೆಲ್ಲ ಚೆಂಡು ಹುಡುಕಿ ಮುಳ್ಳು ಚುಚ್ಚಿಸಿಕೊಂಡು ಬರುತ್ತಿದ್ದವಳು ನಾನು, ಈಗ ಬಕೆಟ್ ಹಿಡಿದು ಬಯಲ ಮಧ್ಯೆ ನಿಂತರೆ ಸಾಕು, ಚೆಂಡುಗಳು ಕಾಲಬುಡಕ್ಕೇ ಬರುತ್ತಿದ್ದವು. ಸಮುದ್ರದ ಕಡೆಯಿಂದ ಗಾಳಿ ಬೀಸಿದರೆ ಸ್ವಲ್ಪ ಎಡಕ್ಕೆ ಗುರಿಯಿಟ್ಟು ಗಾಳಿಯ ಕೈಗೆ ಬಿಟ್ಟುಬಿಡುವುದನ್ನೂ ಕಲಿತಳು. ಶಾಲೆಯಲ್ಲಿ ಪಾತ್ರೆ ತೊಳೆಯುತ್ತಾ ಹಾಡು ಹೇಳತೊಡಗಿದಳು. ಅವಳ ದನಿ ಕೇಳಲಾಗದು, ಆದರೂ ನಾನು ಸುಮ್ಮನಿದ್ದೆ.

ಪಬ್ಬಿನಲ್ಲಿ ಮಾತ್ರ ವಾಟಿಯನ್ನು ಬಿಡಲಿಲ್ಲ. ನಿನ್ನ ಹೆಂಡತಿಗೆ ಊರುಗೋಲೂ ಕೊಡಿಸಿದೆಯಾ ಅಂತ ಕೇಳುವುದು, ಹದಿಮೂರು ಅಂತ ಓದಿದಾಗ ಬಾಲ್‌ಮೆನ್ನಿಯವರು ನಕ್ಕು ಸಾಯುತ್ತಾರೆ ಅನ್ನುವುದು. ಅವನು ಗ್ಲಾಸು ಅರ್ಧಕ್ಕೇ ಬಿಟ್ಟು ಮನೆಗೆ ಬರುತ್ತಿದ್ದನಂತೆ. ಸೆಂಗಾ ಏನಾಯಿತು ಅಂದರೆ ಏನಿಲ್ಲ ಅನ್ನುತ್ತಿದ್ದನಂತೆ.

ಪಂದ್ಯದ ದಿನ ಬೆಳಿಗ್ಗೆ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು, ಅಂದರೆ ಎಲ್ಲವನ್ನೂ ರಸ್ತೆಯ ಕಡೆಗೆ ತಳ್ಳುವ ಗಾಳಿ. ಗೋಡೆಯ ತುಂಬ ಜನ. ಸಾರಿನ ಹಂಡೆಯನ್ನು ಬೇರೆಯವರಿಗೆ ವಹಿಸಿ ನಾನು ಸೆಂಗಾಳ ಚೀಲ ಹೊತ್ತಿದ್ದೆ. ಡ್ರೈವರುಗಳನ್ನೆಲ್ಲ ಒಟ್ಟುಮಾಡಿ ರಾಶಿ ಹಾಕಿ ಬಂದವನು ವಾಟಿ. ನೆಟ್ಟಾ ಅಜ್ಜಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎರಡು ಎತ್ತಿ, ಬಟ್ಟೆ ಸರಿಸಿದಳು. ಬಾಲ್‌ಮೆನ್ನಿಯದನ್ನು ಓದಿದಳು, ಎಂಟೂವರೆ. ಶಿಳ್ಳೆಗಳು ಹಾರಿದವು, ಬಾಗಿಲ ಅಗಲದ ಗಂಡಸೊಬ್ಬ ಮುಂದೆ ಬಂದ. ನಮ್ಮದನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದಳು. ಕಪ್ಪು ತಲೆ, ಉಂಗುರ. ಸೆಂಗಾಳದೇ. ಮೊದಲ ಜೋಡಿಯೇ ಅವಳದು! ನಗು ಕೇಳಲು ತಯಾರಾಗಿ ನಾನು ಹಲ್ಲು ಕಚ್ಚಿ ನಿಂತೆ.

ಅಜ್ಜಿ ಇನ್ನೊಮ್ಮೆ ನೋಡಿದಳು. "ಹತ್ತು," ಅಂದಳು.

ಗೋಡೆಯ ಕಡೆಯಿಂದ ಚಪ್ಪಾಳೆ ಬಂತು. ಪರವಾಗಿಲ್ಲ ಕಣ್ರೋ, ಹತ್ತು ಅಂತೆ ಅಂತ ಯಾರೋ ಮೆಚ್ಚಿ ಹೇಳಿದರು. ಸೆಂಗಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆಮೇಲೆ ಇಬ್ಬರೂ ಒಟ್ಟಿಗೇ ವಾಟಿಯ ಕಡೆ ತಿರುಗಿದೆವು. ಅವನು ನೆಲ ನೋಡುತ್ತಿದ್ದ, ಕಿವಿಗಳು ಕೆಂಪಾಗಿದ್ದವು. ಉಂಗುರ ತಿರುಗಿಸಿದವನು ಅವನೇ! ಓದುವ ಸಂಖ್ಯೆ ಮರ್ಯಾದೆಯದಾಗಿರಲಿ ಅಂತ ತಿರುಗಿಸಿದ್ದ. ಹತ್ತಕ್ಕೆ ತಿರುಗಿಸಿದರೆ ಕೋಲಿನ ಮುಖವೂ ಒಂದಿಷ್ಟು ಬಲಕ್ಕೆ ತೆರೆದುಕೊಳ್ಳುತ್ತದೆ, ಚೆಂಡು ನೇರ ರಸ್ತೆಗೇ ಹೋಗುತ್ತದೆ ಅನ್ನುವುದು ಆ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ನನಗೆ ಚೀಲದಿಂದಲೇ ಅವನ ತಲೆಗೆ ಎರಡು ಬಿಡಬೇಕು ಅನ್ನಿಸಿತು.

ಸೆಂಗಾ ಅವನ ಹತ್ತಿರ ಹೋದಳು. ಬೈಯಲಿಲ್ಲ.

"ಯಾಕೋ ಹೀಗೆ ಮಾಡ್ದೆ?"

"ಅವ್ರು ನಿನ್ನ ನೋಡಿ ನಗಬಾರ್ದು ಅಂತ ಕಣೇ," ಅಂದ ವಾಟಿ. "ನಂಗೆ ತಡ್ಕೊಳ್ಳಕ್ಕಾಗಲ್ಲ."

ಅವಳ ಕಣ್ಣಲ್ಲಿ ನೀರು ಬಂತು, ನಾನು ಕಂಡೆ. ಒಂದು ಗಳಿಗೆ ನನಗೆ ಭಯವಾಯಿತು, ಇವಳು ಗಂಡನ ಮುಖ ನೋಡಿ ಆ ಹತ್ತರಲ್ಲೇ ಹೊಡೆದುಬಿಟ್ಟರೆ? ಚಪ್ಪಾಳೆ ಆಗಲೇ ಸಿಕ್ಕಿತ್ತಲ್ಲ. ಈಗ ತಿರುಗಿಸಿದರೆ ಸುಳ್ಳು ಬಯಲಾಗುತ್ತದೆ, ನಗು ದುಪ್ಪಟ್ಟಾಗುತ್ತದೆ, ವಾಟಿಯ ಮಾನವೂ ಹೋಗುತ್ತದೆ. ಅವಳು ಕೈ ಚಾಚಿದಳು.

"ನಕ್ಕೊಳ್ಳಲಿ ಬಿಡು. ಕೊಡು ಇಲ್ಲಿ ಸ್ಪ್ಯಾನರ್."

ಜೇಬಿನಿಂದ ತೆಗೆದು ಕೊಟ್ಟ. ಅವಳು ಗೋಡೆಯ ಕಡೆಗೇ ಮುಖಮಾಡಿ, ಎಲ್ಲರಿಗೂ ಕಾಣುವ ಹಾಗೆ ಕೋಲನ್ನು ಮೊಣಕಾಲಿಗೆ ಒರಗಿಸಿಕೊಂಡು, ಉಂಗುರ ಸಡಿಲಿಸಿ, ತಿರುಗಿಸಿ, ಬಿಗಿ ಮಾಡಿದಳು. ಆಟ ಇನ್ನೂ ಶುರುವಾಗಿಲ್ಲ, ತಿರುಗಿಸಬಹುದು ಅಂತ ಅಜ್ಜಿ ಯಾರೂ ಕೇಳದಿದ್ದರೂ ಸಾರಿದಳು. ಸೆಂಗಾ ಕೋಲನ್ನು ಅವಳ ಮುಂದೆ ಹಿಡಿದು ಮತ್ತೆ ಓದು ಅಂದಳು. ನೆಟ್ಟಾ ಅಜ್ಜಿಗೆ ಬೇಕಾದಾಗ ದೊಡ್ಡ ಗಂಟಲಿದೆ.

"ಹದಿಮೂರು!"

ಆಹಾ, ಏನು ನಗು! ಗೋಡೆಯುದ್ದಕ್ಕೂ ನಕ್ಕರು, ಬಾಲ್‌ಮೆನ್ನಿಯ ಆ ಅಗಲದ ಗಂಡಸು ಟೋಪಿಯಿಂದ ಬಾಯಿ ಮುಚ್ಚಿಕೊಂಡ, ನಮ್ಮ ಅರ್ಚಿ ರಾಂಕೀನ್ ಹಣೆ ಚಚ್ಚಿಕೊಂಡ. ರಸ್ತೆಯಲ್ಲಿ ಇಬ್ಬರು ತಮ್ಮ ಕಾರು ತೆಗೆಯಲು ಓಡಿದರು, ನಗು ಇನ್ನೂ ಹೆಚ್ಚಾಯಿತು. ಸೆಂಗಾ ಮರದ ಕಡ್ಡಿಯನ್ನು ನೆಲಕ್ಕೆ ಚುಚ್ಚಿ ಅದರ ಮೇಲೆ ಚೆಂಡು ಕೂರಿಸಿದಳು. ಸಮುದ್ರದ ಕಡೆಗೆ ಸ್ವಲ್ಪ ಗುರಿಯಿಟ್ಟು ನಿಂತಳು. ಬೀಸಿದಳು.

ಟಕ್ ಅಂತ ಶಬ್ದವಾದ ಕ್ಷಣ ಗೋಡೆಯುದ್ದಕ್ಕೂ ಇದ್ದ ತಲೆಗಳೆಲ್ಲ ಒಂದೇ ಸಲ ರಸ್ತೆಯ ಕಡೆಗೆ ಹೊರಳಿದವು. ವಾಟಿಯದೂ, ಅರ್ಚಿಯದೂ, ಅಜ್ಜಿಯದೂ. ಇಷ್ಟು ವರ್ಷದ ಅಭ್ಯಾಸ ನೋಡಿ. ಎಲ್ಲರೂ ರಸ್ತೆ ನೋಡುತ್ತಾ, ಚೆಂಡು ಟಾರಿನ ಮೇಲೆ ಪುಟಿಯುವ ಸದ್ದಿಗೆ ಕಾದರು. ಸದ್ದು ಬರಲಿಲ್ಲ. ಅದು ಮೇಲೆ ಹೋದದ್ದನ್ನು, ಸಮುದ್ರದ ಅಂಚಿನಲ್ಲಿ ಅಷ್ಟು ಹೊತ್ತು ತೇಲಿದ್ದನ್ನು, ಗಾಳಿ ಅದನ್ನು ಮೆಲ್ಲಗೆ ಒಳಕ್ಕೆ ತಳ್ಳಿದ್ದನ್ನು ಇಡೀ ಊರಿನಲ್ಲಿ ನೋಡಿದವರು ಇಬ್ಬರೇ. ಅವಳು ಮತ್ತು ನಾನು.

ಅರ್ಚಿ ಗೋಡೆ ಹತ್ತಿ ರಸ್ತೆಯ ಆಚೆ ಇಣುಕಿದ. ವಾಟಿ ನನ್ನ ತೋಳು ಹಿಡಿದುಕೊಂಡ.

"ಐನಾ, ಎಲ್ಲಿ ಬಿತ್ತೇ?"

ನಾನು ಹುಲ್ಲುಬಯಲಿನ ನಡುವಿಗೆ ಕೈ ತೋರಿಸಿದೆ. ಸೆಂಗಾ ಕಡ್ಡಿ ಕಿತ್ತು ಜೇಬಿಗೆ ಹಾಕಿಕೊಂಡು, ಕೋಲನ್ನು ನನ್ನ ಕೈಗಿತ್ತು, ಆಗಲೇ ನಡೆಯತೊಡಗಿದ್ದಳು. ನಾಲ್ಕು ಹೆಜ್ಜೆ ಹೋದವಳು ನಿಂತು ತಿರುಗಿದಳು.

"ಈ ಕಡೆ ತಿರುಗ್ರೋ ಎಲ್ರೂ," ಅಂದಳು. "ನಾನು ಇಲ್ಲಿದ್ದೀನಿ."